ಸಂಪಿನ ಮುಚ್ಚಳ ಕೊನೆಯ ಸಲ ತೆಗೆದಿದ್ದು ಯಾವಾಗ?

ಹೋದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ವಾರದಲ್ಲಿ ಹದಿನಾಲ್ಕು ಜನರಿಗೆ ವಾಂತಿ ಭೇದಿ. ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ತಕ್ಷಣ ಬಂತು: ಗೇಟಿನ ಹತ್ತಿರ ನಿಲ್ಲುವ ಪಾನಿಪುರಿ ಗಾಡಿ. ಪಾಪ, ಅವನನ್ನು ಅಲ್ಲಿಂದ ಎಬ್ಬಿಸಿಯೂ ಆಯಿತು. ವಾಂತಿ ಮಾತ್ರ ನಿಲ್ಲಲಿಲ್ಲ.

ಸುಳಿವು ಕೊಟ್ಟಿದ್ದು ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ. "ನಾನು ಹೋಗೋ ಆರು ಮನೇಲಿ ಬಿ ಬ್ಲಾಕಿನ ಮೂರು ಮನೆಯೋರಿಗೂ ಹಿಂಗೇ ಆಗೈತೆ. ಎ ಬ್ಲಾಕಲ್ಲಿ ಯಾರಿಗೂ ಏನೂ ಆಗಿಲ್ಲ" ಅಂದರು. ನಾವು ನಲವತ್ತು ಮನೆಯವರು ನಮ್ಮ ನಮ್ಮ ಬಾಗಿಲು ಹಾಕಿಕೊಂಡು ಕೂತಿದ್ದೆವು. ಎರಡೂ ಬ್ಲಾಕಿನ ಅಡುಗೆಮನೆ ಕಂಡವರು ಅವರೊಬ್ಬರೇ. ಮತ್ತೆ, ಬಿ ಬ್ಲಾಕಿಗೆ ಬೇರೆ ಸಂಪ್.

ಮುಚ್ಚಳ ತೆಗೆಸಿದೆವು. ಮೊದಲು ಮೂಗಿಗೆ ಬಡಿಯಿತು ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಒಂದು ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಅದರಿಂದ ಕೆಳಕ್ಕೆ ಕಂದು ಬಣ್ಣದ ಗೆರೆ, ಇನ್ನೂ ಹಸಿ. ಆ ಗೋಡೆಯ ಆಚೆ ಟೇಪ್ ಹಿಡಿದು ಅಳೆದೆ. ನಾಲ್ಕು ಅಡಿಗೆ ಯುಜಿಡಿ, ಅಂದರೆ ಒಳಚರಂಡಿಯ ಚೇಂಬರ್! ಮಳೆಗೆ ಚೇಂಬರ್ ಕಟ್ಟಿಕೊಂಡು ತುಂಬಬೇಕು, ಅದೇ ಹೊತ್ತಿಗೆ ಸಂಪಿನ ನೀರು ತಳಕ್ಕೆ ಇಳಿದಿರಬೇಕು, ಅಷ್ಟೇ. ಹೊಲಸು ಈ ಕಡೆ ಜಿನುಗುತ್ತದೆ. ಬೀದಿಯ ಪೈಪಿನ ಕಥೆಯೂ ಇದೇ. ದಿನ ಬಿಟ್ಟು ದಿನ ನೀರು ಬಿಡುವ ಕಡೆ, ನೀರು ನಿಂತ ಹೊತ್ತಲ್ಲಿ ಒಡಕು ಪೈಪು ಸೋರುವುದಿಲ್ಲ, ಪಕ್ಕದ ಚರಂಡಿಯನ್ನು ಒಳಗೆ ಹೀರಿಕೊಳ್ಳುತ್ತದೆ.

ಲ್ಯಾಬ್ ರಿಪೋರ್ಟಿನಲ್ಲಿ ಇ-ಕೋಲಿ ಇತ್ತು, ನೀರಿಗೆ ಮಲ ಸೇರಿದೆ ಅಂತ ಹೇಳುವ ಬ್ಯಾಕ್ಟೀರಿಯಾ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಕಾಣಬಾರದು.

1854ರ ಲಂಡನ್ ಕಾಲರಾ ಸಮಯದಲ್ಲಿ ಡಾಕ್ಟರ್ ಜಾನ್ ಸ್ನೋ, ರೋಗ ಬರುತ್ತಿರುವುದು ನೀರಿನಿಂದ ಅಂತ ಬ್ರಾಡ್ ಸ್ಟ್ರೀಟಿನ ಬಾವಿ ಪಂಪಿನ ಹಿಡಿ ತೆಗೆಸಿದ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ನೆನಪಾಗಿದ್ದು ಅದರ ಮುಂದಿನ ಭಾಗ. ಮರುವರ್ಷ ಅಲ್ಲಿ ಅಗೆದು ನೋಡಿದರೆ, ಪಕ್ಕದ ಮನೆಯ ಕಕ್ಕಸು ಗುಂಡಿಯ ಇಟ್ಟಿಗೆ ಸಡಿಲಾಗಿತ್ತು. ಭೇದಿಯಾಗಿದ್ದ ಮಗುವಿನ ಬಟ್ಟೆ ತೊಳೆದ ನೀರು ಆ ಗುಂಡಿಗೇ ಬಿದ್ದಿತ್ತು. ಬಾವಿಗೂ ಗುಂಡಿಗೂ ಮೂರಡಿಯೂ ಅಂತರವಿರಲಿಲ್ಲ. ನಮ್ಮದು ನಾಲ್ಕಡಿ. 170 ವರ್ಷದಲ್ಲಿ ಒಂದಡಿ ಮುಂದುವರಿದಿದ್ದೇವೆ.

ಸಂಘದ ಮೀಟಿಂಗಿನಲ್ಲಿ ಎರಡು ಮಾತು ಬಂತು. ಒಂದು, "ಹೊರಗೆ ಹೇಳಬೇಡಿ, ಫ್ಲಾಟ್ ರೇಟು ಬೀಳುತ್ತೆ." ಇನ್ನೊಂದು, "ನಮ್ಮನೇಲಿ ಆರ್‌ಒ ಇದೆಯಲ್ಲ." ಮೊದಲನೆಯದಕ್ಕೆ ನಗು ಬಂತು. ಎರಡನೆಯದಕ್ಕೆ ಸಿಟ್ಟು ಬಂತು. ಸ್ವಾಮಿ, ಹಲ್ಲುಜ್ಜುವುದು ಯಾವ ನೀರಲ್ಲಿ? ಕೊತ್ತಂಬರಿ ತೊಳೆಯುವುದು ಯಾವುದರಲ್ಲಿ? ಸ್ನಾನ ಮಾಡುವಾಗ ಮಗು ನುಂಗುವ ನೀರು ಎಲ್ಲಿಯದು? ಆರ್‌ಒ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಬಂದ ಮೇಲೆ ನೀರು ಅವರವರ ಅಡುಗೆಮನೆ ವಿಷಯ ಆಗಿಹೋಯಿತು, ಸಂಪಿನ ಕಡೆ ತಲೆ ಹಾಕುವವರೇ ಇಲ್ಲ. ನಮ್ಮ ವಾಚ್‌ಮನ್ ಕುಟುಂಬ ಅದೇ ಸಂಪಿನ ನೀರನ್ನು ನೇರ ಕೊಳಾಯಿಂದ ಕುಡಿಯುತ್ತಿತ್ತು. ಹದಿನಾಲ್ಕರ ಲೆಕ್ಕದಲ್ಲಿ ಅವರನ್ನು ಯಾರೂ ಸೇರಿಸಿರಲೂ ಇಲ್ಲ.

ಬೇರೆ ಕಡೆ ಹೊಲಸು ನೀರಿಗೆ ಜೀವಗಳೇ ಹೋಗಿವೆ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಎರಡು ದಿನ ಟಿವಿಯಲ್ಲಿ ಬಂತು, ಆಮೇಲೆ ಸುಮ್ನೆ.

ಬಿರುಕು ಮುಚ್ಚಿಸಿ, ಸಂಪ್ ತೊಳೆಸಿ, ಚೇಂಬರನ್ನು ದೂರಕ್ಕೆ ಸರಿಸಿದೆವು. ಖರ್ಚು ಜಾಸ್ತಿನೇ ಆಯಿತು. ಈಗ ಭಾನುವಾರ ಬೆಳಿಗ್ಗೆ ಟ್ಯಾಂಕಿನಿಂದ ತೀರಾ ದೂರದ ಮನೆಯ ನಲ್ಲಿ ನೀರು ಹಿಡಿದು ಕ್ಲೋರಿನ್ ನೋಡುತ್ತೇನೆ. ಪುಟ್ಟ ಟ್ಯೂಬಿಗೆ ಕೆಲವು ಹನಿ ಔಷಧಿ ಬಿಟ್ಟರೆ ಹಳದಿ ಬಣ್ಣ ಬರಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರಿನ್ ಕೊಲ್ಲುತ್ತದೆ ಅನ್ನುವುದು ಒಂದು. ಅದಕ್ಕಿಂತ ನನಗೆ ಇಷ್ಟವಾದದ್ದು, ಅದು ಚಾಡಿ ಹೇಳುತ್ತದೆ. ಹೊಲಸು ಸೇರಿದರೆ ಅದನ್ನು ಸುಡುವುದರಲ್ಲೇ ಕ್ಲೋರಿನ್ ಮುಗಿದುಹೋಗುತ್ತದೆ. ಹೋದ ವಾರ ಹಳದಿ ಬಂದ ನಲ್ಲಿಯಲ್ಲಿ ಈ ವಾರ ಬಣ್ಣವೇ ಇಲ್ಲ ಅಂದರೆ, ಯಾರಿಗಾದರೂ ವಾಂತಿಯಾಗುವ ಮೊದಲೇ ಗೊತ್ತಾಗುತ್ತದೆ. ಒಂದು ಸಲ ಹಾಗೇ ಆಯಿತು. ಗಾಬರಿಯಿಂದ ಹುಡುಕಿದರೆ ಸಂಪಿನ ತಪ್ಪಲ್ಲ, ಕ್ಲೋರಿನ್‌ಗೆ ಅಂತ ಸಂಪಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮೂಟೆ ತೇವಕ್ಕೆ ಗಟ್ಟಿಯಾಗಿ ಸತ್ವ ಕಳೆದುಕೊಂಡಿತ್ತು.

ನಾನು ಹನಿ ಬಿಡುವುದನ್ನು ನೋಡಿ ಅಕ್ಕ ಆ ಬಾಟಲಿ ಒಂದು ದಿನಕ್ಕೆ ಕೇಳಿಕೊಂಡು ಹೋದರು. ಅವರದು ಎಂಟು ಮನೆಯ ವಠಾರ, ಒಂದೇ ಬೀದಿ ನಲ್ಲಿ, ಅದೂ ಮೋರಿಯ ಪಕ್ಕದಲ್ಲೇ. ಮರುದಿನ ಬಂದು ಟ್ಯೂಬ್ ತೋರಿಸಿದರು. ನೀರಿನ ಬಣ್ಣ ಹಾಗೇ ಇತ್ತು. ಇಬ್ಬರೂ ಹೋಗಿ ದೂರು ಬರೆದುಕೊಟ್ಟು ಮೂರು ವಾರ ಆಯಿತು. ಅಲ್ಲಿಯವರೆಗೆ ಕುದಿಸಿ ಕುಡೀರಿ ಅಂದಿದ್ದೆ. ನಿನ್ನೆ ಕೇಳಿದರೆ, "ಕುದಿಸ್ತಾ ಇದೀವಿ, ಸಿಲಿಂಡರ್ ಹತ್ತು ದಿನ ಮುಂಚೇನೇ ಖಾಲಿ ಆಯ್ತು" ಅಂದರು.