ಕಡತವೆಂಬ ಕೂಸಿನ ಲಾಲನೆ ಪಾಲನೆ

ಶಿಶುಪಾಲನಾ ಕೇಂದ್ರದಲ್ಲಿ ಎಲ್ಲಕ್ಕಿಂತ ಸುರಕ್ಷಿತವಾಗಿರುವ ಕೂಸು ಯಾವುದೆಂದು ತಿಳಿಯಲು ತೊಟ್ಟಿಲುಗಳಿರುವ ಕೋಣೆಗೆ ಹೋಗಬೇಕಾಗಿಲ್ಲ. ಮೇಲ್ವಿಚಾರಕರ ಕೊಠಡಿಯಲ್ಲಿರುವ ಕಬ್ಬಿಣದ ಕಪಾಟನ್ನು ತೆರೆಸಿದರೆ ಸಾಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ಧೂಳು ಸೋಂಕದಂತೆ, ಮೂಲೆ ಮಡಚದಂತೆ, ಗೆದ್ದಲು ಹತ್ತದಂತೆ ಪವಡಿಸಿರುವ ಪರವಾನಗಿ ಕಡತವೇ ಆ ಭಾಗ್ಯಶಾಲಿ. ಅದನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡುವುದಿಲ್ಲ. ಅದು ಹೊರಗೆ ಹೋದರೆ ಯಾರು ಕೊಂಡೊಯ್ದರು, ಯಾವ ಹೊತ್ತಿಗೆ ಮರಳಿ ತಂದರು ಎಂಬುದು ದಾಖಲಾಗುತ್ತದೆ. ನವೀಕರಣದ ತಿಂಗಳು ಬಂತೆಂದರೆ ಅದಕ್ಕೆ ಹೊಸ ರಟ್ಟು, ಹೊಸ ದಾರ. ಹಸಿವಾದರೂ ಅದು ಅಳುವುದಿಲ್ಲ. ಒಂದು ಸಹಿ, ಒಂದು ಮೊಹರು ಉಣಿಸಿದರೆ ವರ್ಷಪೂರ್ತಿ ತೆಪ್ಪಗಿರುತ್ತದೆ. ಪಕ್ಕದ ಕೋಣೆಯಲ್ಲಿ ಜೊಲ್ಲು ಸುರಿಸುತ್ತ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿರುವ ಉಳಿದ ಮಕ್ಕಳು ಈ ಕಡತಕ್ಕೆ ಲಗತ್ತಿಸಲಾದ ಅನುಬಂಧಗಳು ಮಾತ್ರ.

ಆದ್ದರಿಂದ ತಪಾಸಣಾಧಿಕಾರಿಗಳು ಬಂದೊಡನೆ ನೇರವಾಗಿ ಮೇಜಿನ ಬಳಿಗೆ ನಡೆಯುವುದರಲ್ಲಿ ಅಚ್ಚರಿಯೇನೂ ಇಲ್ಲ. ಅವರ ಕೈಯಲ್ಲಿ ಹಲವು ಪುಟಗಳ ಪಟ್ಟಿಯಿರುತ್ತದೆ. ಪ್ರತಿ ಪ್ರಶ್ನೆಯ ಮುಂದೆ ‘ಹೌದು’, ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂಬ ಮೂರು ಚೌಕಗಳು, ಕೊನೆಯಲ್ಲಿ ಷರಾ ಬರೆಯಲು ಬೆರಳಗಲದ ಜಾಗ. ಪಟ್ಟಿಯು ‘ಮಕ್ಕಳು ಸುರಕ್ಷಿತವಾಗಿದ್ದಾರೆಯೇ’ ಎಂದು ಎಲ್ಲಿಯೂ ಕೇಳುವುದಿಲ್ಲ, ಏಕೆಂದರೆ ಅದು ಅಭಿಪ್ರಾಯದ ಮಾತಾಗುತ್ತದೆ. ‘ಸುರಕ್ಷತಾ ನೀತಿಯ ಪ್ರತಿಯನ್ನು ಗೋಡೆಗೆ ಅಂಟಿಸಲಾಗಿದೆಯೇ’ ಎಂದು ಕೇಳುತ್ತದೆ. ಅಂಟಿಸಲಾಗಿದೆ, ಮೇಲ್ತುದಿ ಸಡಿಲಗೊಂಡು ಜೋತುಬಿದ್ದಿರುವುದರಿಂದ ಮೊದಲ ನಾಲ್ಕು ನಿಯಮಗಳು ಕಾಣದಿದ್ದರೂ ಚೌಕಕ್ಕೆ ಗುರುತು ಬೀಳುತ್ತದೆ.

ಮುನ್ಸೂಚನೆ ಕೊಟ್ಟು ಹೋದರೆ ಎಲ್ಲವೂ ಅಲಂಕಾರಗೊಂಡಿರುತ್ತದೆಂಬುದು ಕಾನೂನು ಬರೆಯುವವರಿಗೂ ಗೊತ್ತು. ಅಮೆರಿಕದಲ್ಲಿ 2014ರಲ್ಲಿ ಪರಿಷ್ಕೃತವಾದ ಶಿಶುಪಾಲನಾ ಅನುದಾನ ಕಾಯಿದೆಯು, ಸರ್ಕಾರದ ನೆರವು ಪಡೆಯುವ ಪರವಾನಗಿಯುತ ಕೇಂದ್ರಗಳಿಗೆ ವರ್ಷಕ್ಕೆ ಕನಿಷ್ಠ ಒಂದು ಸಲವಾದರೂ ಮುನ್ಸೂಚನೆಯಿಲ್ಲದೆ ಭೇಟಿ ನೀಡಬೇಕೆಂದೂ ತಪಾಸಣಾ ವರದಿಗಳನ್ನು ಸಾಮಾನ್ಯರು ಓದಬಲ್ಲ ರೀತಿಯಲ್ಲಿ ಅಂತರಜಾಲದಲ್ಲಿ ಪ್ರಕಟಿಸಬೇಕೆಂದೂ ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ವರ್ಷಕ್ಕೊಂದೇ ಸಲ ಬರುವ, ಅದೂ ಪರವಾನಗಿಯ ಅವಧಿ ಮುಗಿಯುವ ಹೊತ್ತಿಗೇ ಬರುವ ಅನಿರೀಕ್ಷಿತ ಭೇಟಿಯನ್ನು ನಿರೀಕ್ಷಿಸಲು ಜ್ಯೋತಿಷ್ಯ ಬೇಕಾಗುವುದಿಲ್ಲ. ಬೆಳಿಗ್ಗೆ ಒಂದು ಕೇಂದ್ರದ ಬಾಗಿಲು ತಟ್ಟಿದರೆ ಮಧ್ಯಾಹ್ನದೊಳಗೆ ಆಸುಪಾಸಿನ ಎಲ್ಲ ಕೇಂದ್ರಗಳಲ್ಲೂ ನೆಲ ಒರೆಸಿ ಆಗಿರುತ್ತದೆ. ರಜೆಯಲ್ಲಿದ್ದ ಪಾಲಕಿಯರಿಗೆ ಅಂದು ಇದ್ದಕ್ಕಿದ್ದಂತೆ ಕರ್ತವ್ಯಪ್ರಜ್ಞೆ ಮೂಡುತ್ತದೆ.

ಪಾಲಕಿಯರ ಸಂಖ್ಯೆಯೇ ಈ ಇಡೀ ವ್ಯವಸ್ಥೆಯ ಪ್ರಾಣ ಎಂಬುದನ್ನು ಕೂಸು ಸಾಕಿದವರು ಯಾರಾದರೂ ಹೇಳಿಯಾರು. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷ ತುಂಬದ ಮೂವರು ಮಕ್ಕಳಿಗೆ ಒಬ್ಬರಿರಬೇಕು. ಎರಡು ವರ್ಷದ ಮಕ್ಕಳ ವಿಷಯದಲ್ಲಿ ನಾಲ್ವರಿಗೆ ಒಬ್ಬರೆಂದು ಇದ್ದದ್ದು 2023ರ ಸೆಪ್ಟೆಂಬರಿನಲ್ಲಿ ಐವರಿಗೆ ಒಬ್ಬರೆಂದಾಯಿತು; ಅಂದಿನಿಂದ ಅಲ್ಲಿನ ಪಾಲಕಿಯರಿಗೆ ಮೂರನೆಯ ಕೈ ಮೂಡಿದೆಯೆಂಬ ವರದಿಯೇನೂ ಬಂದಿಲ್ಲ. ಅನುಪಾತ ಯಾವುದೇ ಇರಲಿ, ಅದು ಪ್ರತಿ ಕೋಣೆಗೂ ಪ್ರತಿ ಕ್ಷಣಕ್ಕೂ ಅನ್ವಯಿಸಬೇಕಾದದ್ದು. ಕಡತದಲ್ಲಿ ಮಾತ್ರ ಅದು ಇಡೀ ಕಟ್ಟಡದ ಸರಾಸರಿಯಾಗಿ ಹಿಗ್ಗುತ್ತದೆ. ಅಡುಗೆಯವರು, ಶುಲ್ಕ ಪಡೆಯುವ ಗುಮಾಸ್ತರು, ಹೆರಿಗೆ ರಜೆಯಲ್ಲಿರುವ ಸಹಾಯಕಿ, ಹೋದ ತಿಂಗಳೇ ಕೆಲಸ ಬಿಟ್ಟರೂ ಹೆಸರು ತೆಗೆಯದೆ ಉಳಿದ ಆಯಾ, ಎಲ್ಲರನ್ನೂ ಕೂಡಿಸಿ ಮಕ್ಕಳ ಲೆಕ್ಕವನ್ನು ಭಾಗಿಸಿದಾಗ ಬರುವ ಅಂಕಿಯು ಎಷ್ಟು ಸಮಾಧಾನಕರವಾಗಿರುತ್ತದೆಂದರೆ ಇನ್ನೂ ಕೆಲವು ಮಕ್ಕಳನ್ನು ಸೇರಿಸಿಕೊಳ್ಳಬಹುದೆಂದು ಅನಿಸತೊಡಗುತ್ತದೆ.

ಕೋಣೆಯಲ್ಲಿ ನಿಜವಾಗಿಯೂ ಇರುವ ಆ ಒಬ್ಬ ಪಾಲಕಿಯೂ ಪೂರ್ತಿಯಾಗಿ ಮಕ್ಕಳ ಪಾಲಿಗೆ ಇರುವುದಿಲ್ಲ. ಬಟ್ಟೆ ಬದಲಿಸಿದ ವೇಳೆ, ಹಾಲು ಕುಡಿಸಿದ ಪ್ರಮಾಣ, ಕೈ ತೊಳೆದ ಸಂಖ್ಯೆ, ಆಟಿಕೆ ಶುಚಿಗೊಳಿಸಿದ ದಿನಾಂಕ, ಇವೆಲ್ಲಕ್ಕೂ ಬೇರೆಬೇರೆ ವಹಿಗಳಿವೆ. ಮಲಗಿರುವ ಕೂಸಿನ ಉಸಿರನ್ನೂ ಮಲಗಿರುವ ಭಂಗಿಯನ್ನೂ ಮತ್ತೆ ಮತ್ತೆ ಗಮನಿಸಿ ಸಮಯ ಸಹಿತ ಬರೆಯಬೇಕೆಂಬ ನಿಯಮ ಹಲವು ಕಡೆ ಇದೆ, ಮತ್ತು ಅದಕ್ಕೆ ಗಟ್ಟಿಯಾದ ಕಾರಣವೂ ಇದೆ: ಕೂಸುಗಳನ್ನು ಬೋರಲು ಮಲಗಿಸದೆ ಅಂಗಾತವೋ ಮಗ್ಗುಲಿಗೋ ಮಲಗಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 1992ರಲ್ಲಿ ಸಲಹೆ ನೀಡಿ, 1994ರಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾದ ಮೇಲೆ, ನಿದ್ದೆಯಲ್ಲೇ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇಂತಹ ಅಮೂಲ್ಯವಾದ ನಿಯಮವು ಕಡತಕ್ಕೆ ಬಂದಾಗ ಏನಾಗುತ್ತದೆಂಬುದನ್ನು ನಿದ್ರಾ ವಹಿಯ ಯಾವುದೇ ಪುಟದಲ್ಲಿ ಕಾಣಬಹುದು. ಒಂದು ಗಂಟೆ, ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು. ಒಂದೇ ಶಾಯಿ, ಒಂದೇ ಓಟ, ಅಕ್ಷರದ ಬಾಗಿನಲ್ಲೂ ವ್ಯತ್ಯಾಸವಿಲ್ಲ. ಪ್ರತಿ ಸಾಲಿನಲ್ಲೂ ‘ಸರಿಯಾಗಿದೆ’. ಮಧ್ಯಾಹ್ನ ಹನ್ನೆರಡಕ್ಕೇ ಮೂರು ಗಂಟೆಯವರೆಗಿನ ಉಸಿರಾಟವನ್ನು ಪರೀಕ್ಷಿಸಿ ಮುಗಿಸುವ ಈ ದಕ್ಷತೆ ವೈದ್ಯಶಾಸ್ತ್ರಕ್ಕೂ ಸಾಧ್ಯವಾಗಿಲ್ಲ. ಪಾಲಕಿಯನ್ನು ದೂರುವುದಕ್ಕೆ ಮನಸ್ಸು ಬಾರದು, ಏಕೆಂದರೆ ಆಕೆ ನಿಯಮದಂತೆ ಬರೆಯುತ್ತ ಕುಳಿತರೆ ಕೂಸನ್ನು ನೋಡುವವರಿಲ್ಲ, ಕೂಸನ್ನು ನೋಡುತ್ತ ಕುಳಿತರೆ ತಪಾಸಣೆಯಲ್ಲಿ ಉತ್ತೀರ್ಣವಾಗುವವರಿಲ್ಲ.

ಅಗ್ನಿ ಸುರಕ್ಷತೆಯ ಪುಟಗಳು ಇನ್ನೂ ದಪ್ಪವಾಗಿರುತ್ತವೆ. ಗೋಡೆಯ ಮೇಲೆ ಕೆಂಪು ಸಿಲಿಂಡರ್ ಇದೆಯೇ? ಇದೆ. ಅದರ ಕೊರಳಿನ ಚೀಟಿಯ ಮೇಲೆ ದಿನಾಂಕ ಇದೆಯೇ? ಇದೆ. ಅದನ್ನು ಮಕ್ಕಳು ಮುಟ್ಟದಂತೆ ಜಾಲರಿಯೊಳಗಿಟ್ಟು ಬೀಗ ಹಾಕಲಾಗಿದೆಯೆಂಬುದು ಹೆಚ್ಚುವರಿ ಸುರಕ್ಷತೆಯಾಗಿ ಪ್ರಶಂಸೆ ಪಡೆಯುತ್ತದೆ. ಅದೇ ತರ್ಕದಿಂದ ತುರ್ತು ನಿರ್ಗಮನದ ಬಾಗಿಲಿಗೂ ಬೀಗ ಬೀಳುತ್ತದೆ: ಮಗು ತಾನಾಗಿ ಹೊರಗೆ ಓಡಿಬಿಟ್ಟರೆ? ದೊಡ್ಡವರ ಎದೆಯೆತ್ತರದಲ್ಲಿ ತಳ್ಳಿದೊಡನೆ ತೆರೆದುಕೊಳ್ಳುವ ಅಗಳಿಯನ್ನೂ ತೆರೆದೊಡನೆ ಕೂಗುವ ಗಂಟೆಯನ್ನೂ ಅಳವಡಿಸಿದರೆ ಎರಡೂ ಆತಂಕ ತಪ್ಪುತ್ತವೆ, ಆದರೆ ಅದಕ್ಕೆ ಹಣ ಬೇಕು. ‘ನಿರ್ಗಮನ’ ಎಂಬ ಹೊಳೆಯುವ ಫಲಕಕ್ಕೆ ಅಷ್ಟು ಖರ್ಚಿಲ್ಲ. ಪಟ್ಟಿ ಕೇಳುವುದೂ ಫಲಕವನ್ನೇ.

ತೆರವು ಅಭ್ಯಾಸದ ವಹಿಯಂತೂ ನಿರ್ದೋಷ. ಅಭ್ಯಾಸ ನಡೆಯುವುದು ಹಿತವಾದ ಬಿಸಿಲಿನ ಬೆಳಗಿನ ವೇಳೆ, ದೊಡ್ಡ ಮಕ್ಕಳೆಲ್ಲ ಹೇಗೂ ಅಂಗಳದಲ್ಲಿ ಆಡುತ್ತಿರುವಾಗ. ನಡೆಯಲು ಬಾರದ ಕೂಸುಗಳನ್ನು ಎತ್ತಿಕೊಂಡೇ ಓಡಬೇಕು, ಒಬ್ಬರ ಕೈಗೆ ಇಬ್ಬರಿಗಿಂತ ಹೆಚ್ಚು ಹಿಡಿಸುವುದಿಲ್ಲ. ಚಕ್ರವಿರುವ ತೊಟ್ಟಿಲಲ್ಲಿ ನಾಲ್ಕಾರು ಕೂಸುಗಳನ್ನು ಕೂಡಿಸಿ ತಳ್ಳುವ ಉಪಾಯವಿದೆಯಾದರೂ ಆ ತೊಟ್ಟಿಲು ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ಅಳೆದು ನೋಡಿದವರು ಕಡಿಮೆ. ಆದ್ದರಿಂದ ಮಲಗಿರುವ ಕೂಸುಗಳನ್ನು ಎಬ್ಬಿಸುವುದು ಅಮಾನವೀಯವೆಂದು ತೀರ್ಮಾನಿಸಿ, ಅವರನ್ನು ಬಿಟ್ಟು ಉಳಿದವರನ್ನು ತೆರವುಗೊಳಿಸಿ, ಎಲ್ಲರೂ ಎರಡೂವರೆ ನಿಮಿಷದಲ್ಲಿ ಹೊರಬಂದರೆಂದು ಬರೆಯಲಾಗುತ್ತದೆ. ಬೆಂಕಿಯೂ ಕೂಸುಗಳ ನಿದ್ದೆಯ ವಿಷಯದಲ್ಲಿ ಇಷ್ಟೇ ದಾಕ್ಷಿಣ್ಯ ತೋರುತ್ತದೆಂದು ನಂಬಬೇಕು.

ಅದು ತೋರುವುದಿಲ್ಲ. ಮೆಕ್ಸಿಕೋದ ಸೊನೋರಾ ರಾಜ್ಯದ ಹೆರ್ಮೊಸಿಯೊ ನಗರದಲ್ಲಿ ಎಬಿಸಿ ಎಂಬ ಶಿಶುಪಾಲನಾ ಕೇಂದ್ರವೊಂದಿತ್ತು. ಗೋದಾಮಾಗಿದ್ದ ಕಟ್ಟಡವನ್ನೇ ಕೇಂದ್ರವಾಗಿ ಮಾರ್ಪಡಿಸಲಾಗಿತ್ತು. ಕಿಟಕಿಗಳು ಕೈಗೆಟುಕದಷ್ಟು ಎತ್ತರದಲ್ಲಿದ್ದವು, ಬಳಕೆಗೆ ಬರುತ್ತಿದ್ದ ಬಾಗಿಲು ಒಂದೇ. 2009ರ ಮೇ 26ರಂದು ಈ ಕೇಂದ್ರವು ತಪಾಸಣೆಯಲ್ಲಿ ಉತ್ತೀರ್ಣವಾಯಿತು. ಜೂನ್ 5ರ ಮಧ್ಯಾಹ್ನ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಪಕ್ಕದ ಗೋದಾಮಿನಲ್ಲಿ ಹೊತ್ತಿಕೊಂಡ ಬೆಂಕಿ ಚಾವಣಿಯ ಮೂಲಕ ಒಳನುಗ್ಗಿತು. ಜನರು ವಾಹನದಿಂದ ಗೋಡೆಗೆ ಗುದ್ದಿ ತೂತು ಮಾಡಿ ಮಕ್ಕಳನ್ನು ಎಳೆದುಕೊಳ್ಳಬೇಕಾಯಿತು. 49 ಮಕ್ಕಳು ತೀರಿಕೊಂಡರು. ಪಕ್ಕದ ಆ ಗೋದಾಮು ರಾಜ್ಯ ಸರ್ಕಾರದ ಹಣಕಾಸು ಇಲಾಖೆಗೆ ಸೇರಿದ್ದು, ಅಲ್ಲಿ ಇಲಾಖೆಯ ಕಾಗದಪತ್ರಗಳನ್ನು ಇಡಲಾಗಿತ್ತು. ಇದನ್ನು ವಿಡಂಬನೆಗಾಗಿ ಹೊಸೆದಿದ್ದರೆ ಅತಿಯಾಯಿತೆಂದು ಯಾವ ಸಂಪಾದಕರಾದರೂ ಅಳಿಸಿಹಾಕುತ್ತಿದ್ದರು. 2011ರಲ್ಲಿ ಆ ದೇಶವು ಹೊಸ ಕಾನೂನು ತಂದು, ಎರಡು ತಿಂಗಳಿಗೊಮ್ಮೆಯಾದರೂ ತೆರವು ಅಭ್ಯಾಸ ನಡೆಯಬೇಕು, ಅಪಾಯಕಾರಿ ಸ್ವರೂಪದ ಯಾವ ಘಟಕವೂ ಕೇಂದ್ರದಿಂದ 50 ಮೀಟರಿನೊಳಗೆ ಇರಕೂಡದು ಎಂದು ವಿಧಿಸಿತು. ಕೇಂದ್ರಗಳ ನಾಲ್ಕು ಗೋಡೆಗಳೊಳಗೆ ನಿಂತು ಪಟ್ಟಿ ತುಂಬುವವರು ಕಿಟಕಿಯಾಚೆಗೂ ನೋಡಬೇಕೆಂದು ತಿಳಿಯಲು ತೆತ್ತ ಬೆಲೆ ಅದು.

ಅಪಾಯ ಗೊತ್ತಾದ ಮೇಲೂ ಕಡತಕ್ಕೆ ತನ್ನದೇ ಆದ ಸಾವಧಾನವಿದೆ. ಪಕ್ಕವನ್ನು ಕೆಳಗಿಳಿಸಬಹುದಾದ ತೊಟ್ಟಿಲ ಮಂಚಗಳಲ್ಲಿ ಸಿಲುಕಿ 2000ದಿಂದೀಚೆಗೆ ಕನಿಷ್ಠ 32 ಕೂಸುಗಳು ಉಸಿರುಗಟ್ಟಿ ಸತ್ತಿದ್ದವೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಹೇಳಿತ್ತು. 2011ರ ಜೂನ್ 28ರಿಂದ ಅವುಗಳ ತಯಾರಿಕೆ ಮತ್ತು ಮಾರಾಟ ನಿಂತಿತು. ಶಿಶುಪಾಲನಾ ಕೇಂದ್ರಗಳಿಗೆ ಮಾತ್ರ ಮಂಚ ಬದಲಿಸಿಕೊಳ್ಳಲು 2012ರ ಡಿಸೆಂಬರ್ 28ರವರೆಗೆ, ಅಂದರೆ ಇನ್ನೂ ಒಂದೂವರೆ ವರ್ಷ, ಕಾಲಾವಕಾಶ ದೊರೆಯಿತು. ಖರ್ಚಿನ ಭಾರ ಅಂತಹದು, ಒಪ್ಪೋಣ. ಅಂಗಡಿಯಲ್ಲಿ ಖಾಲಿಯಾಗಿ ನಿಂತಾಗ ಕಾನೂನುಬಾಹಿರವಾದ ಮಂಚವು ಕೇಂದ್ರದಲ್ಲಿ ಕೂಸನ್ನು ಮಲಗಿಸಿಕೊಂಡಾಗ ಕಾನೂನುಬದ್ಧವಾಗಿದ್ದ ಆ ಅವಧಿಯಲ್ಲಿ ಪಟ್ಟಿ ಹಿಡಿದು ಬಂದವರು ಯಾವ ಚೌಕದಲ್ಲಿ ಗುರುತು ಹಾಕಿದರೂ ನಿಯಮದ ಪ್ರಕಾರ ಅದು ತಪ್ಪಾಗುತ್ತಿರಲಿಲ್ಲ.

ಲೋಪಗಳು ಕಂಡುಬಂದರೆ ಏನು ಗತಿ ಎಂದು ಕೇಳಬಹುದು. ಲೋಪಕ್ಕೆ ಸೂಚನಾ ಪತ್ರ, ಸೂಚನಾ ಪತ್ರಕ್ಕೆ ಅನುಸರಣಾ ವರದಿ, ವರದಿಗೆ ಛಾಯಾಚಿತ್ರ. ಮುರಿದ ಕಂಬಿಯನ್ನು ಸರಿಪಡಿಸಲಾಗಿದೆಯೆಂದು ಕಳುಹಿಸಿದ ಚಿತ್ರದಲ್ಲಿ ಕಂಬಿ ಸರಿಯಾಗಿಯೇ ಇದೆ, ಏಕೆಂದರೆ ಅದು ಬೇರೆ ಕಿಟಕಿಯ ಕಂಬಿ. ಭೇಟಿ ನೀಡುವವರ ಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋದದ್ದೂ ಶುಚಿಗೊಳಿಸುವ ಆಮ್ಲದ ಬಾಟಲಿ ಮಗುವಿನ ಕೈಗೆಟುಕುವಂತೆ ಇದ್ದದ್ದೂ ವರದಿಯಲ್ಲಿ ಒಂದರ ಕೆಳಗೊಂದು ಸಮಾನ ಗೌರವದಿಂದ ನಿಲ್ಲುತ್ತವೆ. ಎರಡರ ಮುಂದೆಯೂ ‘ಸ್ಥಳದಲ್ಲೇ ಸರಿಪಡಿಸಲಾಯಿತು’ ಎಂಬ ಷರಾ. ಬಾಟಲಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟರು. ಅಧಿಕಾರಿಗಳು ಹೊರಟ ಮೇಲೆ ಅದು ಎಲ್ಲಿಗೆ ಇಳಿಯಿತೆಂಬ ಪ್ರಶ್ನೆ ಮುಂದಿನ ವರ್ಷದ ವ್ಯಾಪ್ತಿಗೆ ಸೇರಿದ್ದು.

ಈಗ ಈ ವರದಿಗಳೆಲ್ಲ ಹಲವೆಡೆ ಹೆತ್ತವರ ಕೈಗೂ ಸಿಗುತ್ತವೆ. ಕೂಸನ್ನು ಎಲ್ಲಿ ಬಿಡಬೇಕೆಂದು ತಿಳಿಯದ ತಾಯಿತಂದೆಯರು ರಾತ್ರಿಯಿಡೀ ಕುಳಿತು ಓದುತ್ತಾರೆ. ಒಂದು ಕೇಂದ್ರದ ಹೆಸರಿನ ಮುಂದೆ ಹತ್ತಾರು ಲೋಪಗಳ ಪಟ್ಟಿ, ಇನ್ನೊಂದರ ಮುಂದೆ ‘ಯಾವುದೇ ಲೋಪ ಕಂಡುಬಂದಿಲ್ಲ’. ಸಹಜವಾಗಿಯೇ ಎರಡನೆಯದಕ್ಕೆ ಮುಂಗಡ ಕಟ್ಟುತ್ತಾರೆ. ಮೊದಲನೆಯ ಕಡೆ ಅಧಿಕಾರಿ ಮಂಡಿಯೂರಿ ಕುಳಿತು, ಮಗುವಿನ ಕಣ್ಣಿನ ಮಟ್ಟದಿಂದ ಕೋಣೆಯನ್ನು ನೋಡಿ, ಕಿಟಕಿ ಪರದೆಯ ಜೋತುಬಿದ್ದ ಹಗ್ಗವನ್ನು, ಗೋಡೆಗೆ ಬಿಗಿಯದ ಕಪಾಟನ್ನು, ಸುಡುವಷ್ಟು ಬಿಸಿಯಾಗಿ ಬರುವ ನಲ್ಲಿಯ ನೀರನ್ನು ಪತ್ತೆಹಚ್ಚಿರಬಹುದು. ಎರಡನೆಯ ಕಡೆ ಕುರ್ಚಿ ಮೆತ್ತಗಿದ್ದು ಅವರು ಅಲ್ಲಿಂದ ಏಳದಿರಬಹುದು. ಆ ‘ಕಂಡುಬಂದಿಲ್ಲ’ ಎಂಬುದು ಕೇಂದ್ರದ ಗುಣವೋ ನೋಡಿದವರ ಕಣ್ಣಿನ ಗುಣವೋ ಎಂದು ಹೇಳುವ ಚೌಕ ಯಾವ ಪಟ್ಟಿಯಲ್ಲೂ ಇಲ್ಲ. ಹಾಗೆಂದು ವರದಿಗಳನ್ನು ಮುಚ್ಚಿಡಬೇಕೆಂದು ನಾನು ಹೇಳಲಾರೆ. ಮುಚ್ಚಿಟ್ಟ ಕಾಲದಲ್ಲಿ ಕುರ್ಚಿಗಳು ಇನ್ನೂ ಮೆತ್ತಗಿದ್ದವು.

ದಾಖಲಾದ ಲೋಪವೇ ದಾಖಲಿಸಿದವರಿಗೆ ಮುಳುವಾಗುತ್ತದೆಂಬ ಪಾಠವನ್ನು ಎಲ್ಲರಿಗಿಂತ ಬೇಗ ಕಲಿಯುವವರು ಕೇಂದ್ರ ನಡೆಸುವವರು, ಕಲಿಸುವುದು ಅಪಘಾತ ವಹಿ. ನಡೆಯಲು ಕಲಿಯುವ ಮಕ್ಕಳು ಬೀಳುತ್ತಾರೆ, ಕಚ್ಚುತ್ತಾರೆ, ಬಾಗಿಲ ಸಂದಿಗೆ ಬೆರಳು ಕೊಡುತ್ತಾರೆ. ಪ್ರತಿ ಪೆಟ್ಟನ್ನೂ ಬರೆದಿಟ್ಟು, ಯಾವ ಮೂಲೆಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜನರ ಕಾವಲಿನಲ್ಲಿ ಆಯಿತೆಂದು ತಿಂಗಳ ಕೊನೆಗೆ ತಿರುವಿ ನೋಡಿದರೆ ಯಾವ ಮೆಟ್ಟಿಲನ್ನು ಕಿತ್ತುಹಾಕಬೇಕು, ಯಾವ ಬಾಗಿಲಿಗೆ ಬೆರಳು ಸಿಲುಕದ ಪಟ್ಟಿ ಹಾಕಬೇಕು ಎಂದು ತಾನಾಗಿ ಗೊತ್ತಾಗುತ್ತದೆ. ಹೀಗೆ ಪ್ರಾಮಾಣಿಕವಾಗಿ ಬರೆಯುವ ಒಂದು ಕೇಂದ್ರದ ವಹಿಯಲ್ಲಿ ತಿಂಗಳಿಗೆ ಹದಿನೈದು ನಮೂದುಗಳಿರುತ್ತವೆ, ಪಕ್ಕದ ಕೇಂದ್ರದ ವಹಿ ಖರೀದಿಸಿದ ದಿನದಷ್ಟೇ ಬಿಳಿಯಾಗಿರುತ್ತದೆ. ತಪಾಸಣೆಯ ನಂತರ ಬಿಳಿ ವಹಿಯವರಿಗೆ ಪ್ರಶಂಸಾ ಪತ್ರವೂ ಬರೆದವರಿಗೆ ವಿವರಣೆ ಕೇಳಿ ಮೂರು ಪುಟಗಳ ನೋಟಿಸೂ ಹೋಗುತ್ತವೆ. ಮರುತಿಂಗಳಿನಿಂದ ಆ ಕೇಂದ್ರದಲ್ಲೂ ಮಕ್ಕಳು ಬೀಳುವುದನ್ನು ನಿಲ್ಲಿಸುತ್ತಾರೆ.