ಐದು ಪೀಸಿನ ಲೆಕ್ಕ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಐದರವರೆಗೆ ಎಣಿಸಲು ಬರುವುದಿಲ್ಲ ಎಂಬುದು ಹರಿಹರದ ಒಂದು ಮನೆಯ ಪಡಸಾಲೆಯಲ್ಲಿ ನಿಂತಾಗ ಗೊತ್ತಾಯಿತು.

ಎಂಟನೆಯ ತರಗತಿಯ ಮಗಳು ಆರು ತಿಂಗಳಿಂದ ಅಡುಗೆಮನೆಯ ಡಬ್ಬಿಗಳನ್ನು ಬಾರಿಸುತ್ತಿದ್ದಳು. ಅವಲಕ್ಕಿ ಡಬ್ಬಿಗೆ ಒಂದು ನಾದ, ತೊಗರಿಬೇಳೆ ಡಬ್ಬಿಗೆ ಇನ್ನೊಂದು. ತಿಂಗಳ ಕೊನೆಗೆ ಡಬ್ಬಿಗಳು ಬರಿದಾದಂತೆಲ್ಲ ಕಛೇರಿ ಕಳೆಗಟ್ಟುತ್ತಿತ್ತು. "ರೀ, ಇವಳಿಗೊಂದು ಡ್ರಮ್ ಸೆಟ್ ತಂದುಬಿಡಿ, ನನ್ನ ಡಬ್ಬಿಗಳಾದರೂ ಉಳಿಯುತ್ತವೆ" ಎಂದು ಹೆಂಡತಿ ಚೀಟಿ ಎತ್ತಿದ ಹಣದಲ್ಲಿ 20 ಸಾವಿರ ರೂಪಾಯಿ ಎಣಿಸಿ ಕೊಟ್ಟಳು. ಎಣಿಸುವ ಕೆಲಸವನ್ನು ಅವಳು ನನಗೆ ಬಿಡುವುದಿಲ್ಲ. ಏಕೆಂದು ಆಗ ಗೊತ್ತಿರಲಿಲ್ಲ.

ದಾವಣಗೆರೆಯ ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ, ನೀರು ಕುಡಿದು ಹೊರಬಂದೆ. ಅಷ್ಟರಲ್ಲಿ ಹರಿಹರದಲ್ಲಿ ಮದುವೆ ಆರ್ಕೆಸ್ಟ್ರಾದವರೊಬ್ಬರು ಹಳೆಯ ಸೆಟ್ ಮಾರುತ್ತಿದ್ದಾರೆಂಬ ಸುದ್ದಿ ಸಿಕ್ಕಿತು. "ಐದು ಪೀಸ್, 18 ಸಾವಿರ" ಎಂದರು ಫೋನಿನಲ್ಲಿ. ನಾನು ಹಾಳೆಯ ಮೇಲೆ ಬರೆದುಕೊಂಡೆ: ದೊಡ್ಡ ಡ್ರಮ್ ಒಂದು, ಸಣ್ಣದು ಒಂದು, ಮೇಲೆ ಹೊಳೆಯುವ ತಟ್ಟೆ ಎರಡು, ಕೂರುವ ಮಣೆ ಒಂದು. ಒಟ್ಟು ಐದು. ಉತ್ತರ ತಾಳೆಯಾದ ಮೇಲೆ ಲೆಕ್ಕ ತಪ್ಪೆಂದು ಯಾವ ಮೇಷ್ಟ್ರೂ ಒಪ್ಪುವುದಿಲ್ಲ.

ಅಲ್ಲಿ ನೋಡಿದರೆ ಐದೂ ಡ್ರಮ್ಮುಗಳೇ. ಕಾಲಿನಿಂದ ಬಾರಿಸುವ 22 ಇಂಚಿನ ಬಾಸ್, 14 ಇಂಚಿನ ಸ್ನೇರ್, 12, 13 ಮತ್ತು 16 ಇಂಚಿನ ಮೂರು ಟಾಮ್. "ತಟ್ಟೆಗಳೆಲ್ಲಿ?" ಎಂದೆ. "ಸಿಂಬಲ್ ಪೀಸಿನ ಲೆಕ್ಕಕ್ಕೆ ಬರುವುದಿಲ್ಲ ಮೇಷ್ಟ್ರೇ. ಮಣೆಯೂ ಬರುವುದಿಲ್ಲ" ಎಂದರು ಆ ಸಜ್ಜನರು. ಅವರು ಹೇಳಿದ್ದು ನಿಜ. ಲೋಕದ ರೂಢಿಯೇ ಹಾಗೆ. ಸಿಂಬಲ್ ಎಂಬುದು ಆಟಕ್ಕುಂಟು ಲೆಕ್ಕಕ್ಕಿಲ್ಲ. ನನ್ನ ಮುಖ ನೋಡಿ ಮರುಕಪಟ್ಟು, ಕಿರ್ ಎನ್ನುವ ಹಳೆಯ ಪೆಡಲ್ ಒಂದನ್ನು ಉಚಿತವಾಗಿ ಕೊಟ್ಟರು. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಊರು ಹೊಕ್ಕಾಗ ಸಿಗ್ನಲ್‌ನಲ್ಲಿ ಬೈಕಿನವನೊಬ್ಬ "ಯಾರ ಮದುವೆ ಸರ್?" ಎಂದು ಕೇಳಿದ.

ಸಿಂಬಲ್ ಖರೀದಿಯಲ್ಲಿ ನನಗೆ ಲೋಹಶಾಸ್ತ್ರದ ಪಾಠವಾಯಿತು. ಒಳ್ಳೆಯ ಸಿಂಬಲ್ ಕಂಚಿನದು: ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ನಮ್ಮ ಗುಡಿಯ ಗಂಟೆ, ಜಾಗಟೆಗಳ ವಂಶದ್ದೇ. ಅಗ್ಗದ್ದು ಹಿತ್ತಾಳೆ. ಕಂಚಿನದನ್ನು ಅಂಗಡಿಯವನು ಬೆರಳ ತುದಿಯಿಂದ ತಟ್ಟಿದ. ನಾನು ಬೆಲೆ ಕೇಳಿ, ಅವನು ಹೇಳಿ, ನಾನು ಹೌಹಾರಿ ಮುಗಿಸಿದರೂ ಅದರ ನಾದ ಇನ್ನೂ ಇಳಿಯುತ್ತಲೇ ಇತ್ತು. ನಾಲ್ಕೈದು ಕಂಚಿನ ತಟ್ಟೆಗೆ ನನ್ನ ಐದೂ ಡ್ರಮ್ಮುಗಳನ್ನು ಮಾರಿದರೂ ಸಾಲದು. ಹಿತ್ತಾಳೆಯದನ್ನು ತಟ್ಟಿದಾಗ ತಂಬಿಗೆ ಕೈಜಾರಿ ಬಿದ್ದ ಹಾಗಾಯಿತು. ಕಂಚಿನ ಕಂಠ, ಹಿತ್ತಾಳೆ ಕಿವಿ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ನನ್ನ ಕಿವಿಗೆ ಒಪ್ಪುವ ಲೋಹವನ್ನೇ ಕೊಂಡೆ.

ಮಣೆಯ ಕಥೆ ಬೇರೆ. ಡ್ರಮ್ ಬಾರಿಸುವವರ ಭಾಷೆಯಲ್ಲಿ ಅದಕ್ಕೆ ಥ್ರೋನ್, ಅಂದರೆ ಸಿಂಹಾಸನ ಎಂದು ಹೆಸರು. ಬೆಲೆಯೂ ರಾಜರದ್ದೇ. ಬೇಡವೆಂದು ಮನೆಯ ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಅದರ ಕೈಗಳಿಗೆ ಮಗಳ ಮೊಣಕೈ ಬಡಿದು, ತಾಳಕ್ಕೊಮ್ಮೆ "ಅಯ್ಯೋ" ಸೇರಿತು. ಎರಡು ದಿನದಲ್ಲಿ ಸಿಂಹಾಸನ ಬಂತು.

ಮೂರನೆಯ ದಿನ ಬಾಸ್ ಡ್ರಮ್ ಪ್ರಯಾಣ ಹೊರಟಿತು. ಟೈಲ್ಸ್ ನೆಲ, ಅದರ ಮುಂಗಾಲುಗಳ ರಬ್ಬರು ಸವೆದಿತ್ತು. ಮಗಳು ಒಂದು ಸಲ ಪೆಡಲ್ ತುಳಿದರೆ ಅದು ಒಂದು ಬೆರಳಗಲ ಮುಂದೆ. ಮಗಳೂ ಸಿಂಹಾಸನವನ್ನು ಎಳೆದುಕೊಂಡು ಹಿಂದೆಯೇ. ಹೀಗೆ ತಾಳ ತಪ್ಪದಂತೆ ಇಬ್ಬರೂ ಹಾಲ್ ದಾಟಿ ದೇವರ ಮನೆಯ ಹೊಸ್ತಿಲು ತಲುಪಿದಾಗ, ಒಳಗೆ ಮಂಗಳಾರತಿ ಎತ್ತುತ್ತಿದ್ದ ನನ್ನ ಅವ್ವ ಹಿಂತಿರುಗಿ ನೋಡಿದಳು. ಅಂದಿನಿಂದ ಡ್ರಮ್ಮಿನ ಕೆಳಗೆ ಜಮಖಾನ ಹಾಸಿದೆವು.

ಇನ್ನು ಸದ್ದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮೊಬೈಲಿನಲ್ಲಿ ಅಳೆದೆ, ಮುಳ್ಳು ನೂರು ದಾಟಿತು. ನಮ್ಮದು ಮಹಡಿಯ ಬಾಡಿಗೆ ಮನೆ, ಕೆಳಗೆ ಮಾಲೀಕರು. ಬಾಸ್ ಡ್ರಮ್ಮಿನೊಳಗೆ ಮೆತ್ತಗಿನದೇನಾದರೂ ತುಂಬಿ ಎಂದರು ಯಾರೋ. ಹಗುರವಾದದ್ದು, ಅಗ್ಗವಾದದ್ದು ಎಂದರೆ ದಾವಣಗೆರೆಯವನಿಗೆ ಹೊಳೆಯುವುದೇನು? ಮಂಡಕ್ಕಿ. ಒಂದು ಚೀಲ ತುಂಬಿದೆ. ಧಡ್ ಎನ್ನುತ್ತಿದ್ದದ್ದು ಧಡ್‌ಸರಕ್ ಎನ್ನತೊಡಗಿತು, ನಾಲ್ಕನೆಯ ರಾತ್ರಿ ಯಾರೂ ಬಾರಿಸದೆಯೇ ಒಳಗಿನಿಂದ ಸರಕ್ ಎಂದಿತು. ಇಲಿ! ಚೀಲ ತೆಗೆದು ಅವ್ವನ ಕೌದಿ ಮಡಿಸಿಟ್ಟೆ. ಅದು ಸರಿಯಾದ ಮದ್ದು. ಕೌದಿ ಡ್ರಮ್ಮಿನ ಎರಡೂ ಮುಖಗಳಿಗೆ ಒಳಗಿನಿಂದ ಮೆಲ್ಲಗೆ ತಾಗುವಂತಿದ್ದರೆ ಸದ್ದು ಚುಟುಕಾಗುತ್ತದೆ. ಅವ್ವ ಮಾತ್ರ ಚಳಿಗಾಲ ಬರಲಿ ನೋಡುತ್ತೇನೆ ಎಂದಿದ್ದಾಳೆ.

ಇಷ್ಟಾದ ಮೇಲೆ ಕಲಿಸುವ ಗುರುಗಳನ್ನು ಹುಡುಕಿದೆವು. ಮೊದಲು ಅವರನ್ನೇ ಕೇಳಬೇಕಿತ್ತು. "ಸೆಟ್ ಯಾಕೆ ತಂದಿರಿ? ಮೊದಲ ಆರು ತಿಂಗಳು ಒಂದು ರಬ್ಬರಿನ ಪ್ಯಾಡು, ಒಂದು ಜೊತೆ ಕೋಲು ಸಾಕಿತ್ತಲ್ಲ" ಎಂದರು. ಈ ಮಾತನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ನಾನು ಮೊದಲೇ ಕೈ ಮುಗಿದೆ. ಅವರು ಒಳಗೆ ಬಂದು ಬಾಗಿಲು ಮುಂದೆ ಮಾಡಿ, "ಮೇಷ್ಟ್ರೇ, ಬೀಗರು ಬಂದಿದ್ದಾರೆ. ಊಟವಾಗಿ ಎರಡು ತಾಸಾಯಿತು, ಸೈಟಿನ ಮಾತು ಎತ್ತಿದ್ದಾರೆ, ಏಳುವ ಹಾಗೆ ಕಾಣುವುದಿಲ್ಲ. ಮಗು ಇವತ್ತು ಅಭ್ಯಾಸ ಮಾಡುವುದಿಲ್ಲವೇ?" ಎಂದರು.

ಮಗಳು ಸಿಂಹಾಸನ ಏರಿದಳು. ನಾನು ಬಾಸ್ ಡ್ರಮ್ಮಿನಿಂದ ಕೌದಿ ಹೊರತೆಗೆದೆ. ಹನ್ನೊಂದನೆಯ ನಿಮಿಷಕ್ಕೆ ಕೆಳಗೆ ಕಾರು ಹೊರಟ ಸದ್ದು.

ಸಂಜೆ ಒಂದು ಸ್ಟೀಲ್ ಡಬ್ಬಿಯ ತುಂಬ ಹೋಳಿಗೆ ಮೇಲೆ ಬಂತು. ಖಾಲಿಯಾದ ಮೇಲೆ ಮಗಳು ಡಬ್ಬಿಯನ್ನು ಬೋರಲು ಹಾಕಿ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಆಲಿಸಿ ಹೇಳಿದಳು: "ಅಪ್ಪಾಜಿ, ಇದನ್ನು ವಾಪಸ್ ಕೊಡುವುದು ಬೇಡ."