ಯಾವ ಗೋಡೆ ಬೆವರುತ್ತದೆ ಅಂತ ಅತ್ತಿಗೆಗೆ ಗೊತ್ತು

ಹೋದ ವರ್ಷ ಪುನರ್ವಸು ಮಳೆ ಹಿಡಿದಾಗ ಊರಲ್ಲಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಮೂರು ಮೈಲಿ ನಮ್ಮ ಮನೆ. ಬೆಳಿಗ್ಗೆ ಕಾಫಿಪುಡಿ ಹುಡುಕುತ್ತಾ ಅಡುಗೆಮನೆಯ ಕಪಾಟಿನ ಬಾಗಿಲು ಎಳೆದರೆ ಬಾಗಿಲೇ ಕೈಗೆ ಬಂತು. ಹಿಂಜು ಗಟ್ಟಿ ಇತ್ತು, ಸ್ಕ್ರೂ ಗಟ್ಟಿ ಇತ್ತು. ಅವೆರಡನ್ನೂ ಹಿಡಿದುಕೊಳ್ಳಬೇಕಾದ ಹಲಗೆ ಮಾತ್ರ ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿ ಉದುರುತ್ತಿತ್ತು.

"ಅದು ನಾಲ್ಕನೇದು. ಅಲ್ಲೇ ಮೂಲೇಲಿ ಒರಗಿಸಿಡಿ" ಅಂದರು ಅತ್ತಿಗೆ, ದೋಸೆ ಮಗುಚುತ್ತಾ.

ಎರಡು ವರ್ಷದ ಹಿಂದೆ ಪೇಟೆಯಿಂದ ಬಂದ ಹುಡುಗರು ಒಂದೂವರೆ ದಿನದಲ್ಲಿ ಕೂರಿಸಿ ಹೋದ ಮಾಡ್ಯುಲರ್ ಕಿಚನ್ ಅದು. ಅಣ್ಣ ಫೋಟೋ ಕಳಿಸಿದಾಗ "ಸೂಪರ್" ಅಂತ ಉತ್ತರ ಬರೆದವನು ನಾನೇ.

ಹದಿನಾಲ್ಕು ವರ್ಷದಿಂದ ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಅಲ್ಲಿ ಬಡಗಿಯನ್ನು ಕರೆಸಿದರೆ ಎಷ್ಟೋ ಸಲ ಮರದ ಬೆಲೆಗಿಂತ ಅವನ ಕೂಲಿ ಹೆಚ್ಚು. ಹಾಗಾಗಿ ಶನಿವಾರ ಬಂತೆಂದರೆ ಬ್ಯಾಂಕಿನವರು, ಮೇಷ್ಟ್ರು, ಡಾಕ್ಟರು ಎಲ್ಲರೂ ಹೋಮ್ ಡಿಪೋ ಅನ್ನುವ ಮನೆ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಹಲಗೆ ಆರಿಸುತ್ತಾ ಸಿಗುತ್ತಾರೆ. ನಾನೂ ಹಾಗೇ ಕಲಿತೆ. ಮೊದಲು ಮಾಡಿದ್ದು ಮಲಗುವ ಕೋಣೆಯ ಕ್ಲಾಸೆಟ್. ಬಟ್ಟೆ ನೇತುಹಾಕಲು ಗೋಡೆಗೊಂದು ರಾಡು ಬಿಗಿದು, ಹ್ಯಾಂಗರಿಗೆಲ್ಲ ಕೋಟು ಹಾಕಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಗೋಡೆಯ ತುಂಡು ಸಮೇತ ಎಲ್ಲ ಕೆಳಗೆ. ಅಲ್ಲಿನ ಗೋಡೆ ನಾವು ತಿಳಿದ ಗೋಡೆಯಲ್ಲ. ಅರ್ಧ ಇಂಚಿನ ಜಿಪ್ಸಮ್ ಹಲಗೆ, ಒಳಗೆ ಪೊಳ್ಳು. ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಂತ ಮರದ ಕಂಬಕ್ಕೆ ಸ್ಕ್ರೂ ತಾಗಿದರೆ ಭಾರ ತಡೆಯುತ್ತದೆ, ತಾಗದಿದ್ದರೆ ಹಪ್ಪಳಕ್ಕೆ ಮೊಳೆ ಹೊಡೆದ ಹಾಗೆ. ಪಕ್ಕದ ಮನೆಯ ಅಜ್ಜ ಕಂಬ ಹುಡುಕುವ ಯಂತ್ರ ತಂದುಕೊಟ್ಟ. ಆಮೇಲೆ ಕೈ ಪಳಗಿತು. ಮೇಲೊಂದು ಕೆಳಗೊಂದು ರಾಡು ಹಾಕಿ ಒಂದೇ ಜಾಗದಲ್ಲಿ ಎರಡು ಸಾಲು ಅಂಗಿ ನೇತುಹಾಕುವಷ್ಟು ಜಾಣನಾದೆ.

ಇಷ್ಟು ಕಲಿತವನಿಗೆ ಊರಿಗೆ ಬಂದಾಗ ಉಪದೇಶದ ಚಟ. "ನೀವೇ ಮಾಡ್ಕೊಳ್ಳಿ, ಏನು ಮಹಾ!" ಅಂತ ಅಣ್ಣನಿಗೆ ಎಷ್ಟು ಸಲ ಹೇಳಿದ್ದೇನೋ. ನನ್ನಂಥ ಹೊರನಾಡಿನವರು ಮಾಡುವ ತಪ್ಪೇ ಇದು ಅಂತ ಈಗ ಅನಿಸುತ್ತದೆ. ಡ್ರಿಲ್ ಹಿಡಿಯುವವರು ಯಾರು ಅನ್ನುವುದು ದೊಡ್ಡ ವಿಷಯವೇ ಅಲ್ಲ. ಎಲ್ಲಿ ಏನಿರಬೇಕು ಅಂತ ಹೇಳುವವರು ಆ ಮನೆಯಲ್ಲಿ ಮಳೆಗಾಲ ಕಳೆದವರೋ ಅಲ್ಲವೋ, ಅದು ವಿಷಯ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ. ನಾನಿರುವ ಊರಲ್ಲಿ ಹಿಮ ಕರಗಿಸಿ ಲೆಕ್ಕ ಹಾಕಿದರೂ ಸುಮಾರು 800. ಅಲ್ಲಿ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಒಣಗಿ ಸಂದು ಬಿಡುತ್ತದೆ; ಇಲ್ಲಿ ನೀರು ಕುಡಿದು ಡ್ರಾಯರೇ ಹೊರಗೆ ಬರುವುದಿಲ್ಲ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡು ಅಲ್ಲಿ ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಸಿಂಕಿನ ಕೆಳಗೆ ಅದಕ್ಕೆ ಎರಡು ಮಳೆಗಾಲ ದಾಟಿದ್ದೇ ಹೆಚ್ಚು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ತಡವಾಗಿ. ಅಜ್ಜಿಯ ಅಡುಗೆಮನೆಯಲ್ಲೂ ಇದೇ ಮಳೆ ಇತ್ತು, ಬೂಷ್ಟು ಇಷ್ಟಿರಲಿಲ್ಲ. ಒಲೆ ದಿನವಿಡೀ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೇರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಆ ದಾರಿಯಲ್ಲೇ ವಾಟೆಹುಳಿ, ಮುರುಗಲು, ಬೀಜದ ಸೌತೆಕಾಯಿ, ಅಟ್ಟದ ಬಿದಿರು, ಎಲ್ಲವೂ ಬೆಚ್ಚಗಿರುತ್ತಿದ್ದವು. ಕುಟ್ಟೆ ಹುಳವೂ ಹತ್ತಿರ ಬರುತ್ತಿರಲಿಲ್ಲ. ಸಾಮಾನು ಇಡುವ ಜಾಗವೆಲ್ಲ ಬಯಲು: ಗೋಡೆಯ ಗೂಡು, ನಾಗಂದಿಗೆ, ತೊಲೆಗೆ ಕಟ್ಟಿದ ನೆಲವು. ಗ್ಯಾಸ್ ಬಂತು, ಹೊಗೆ ಹೋಯಿತು, ತಾರಸಿ ಬಂತು. ಗಾಳಿ ಬೆಂಕಿ ಎರಡೂ ಇಲ್ಲದ ಕೋಣೆಯಲ್ಲಿ ನಾವು ಎಲ್ಲದಕ್ಕೂ ಬಾಗಿಲು ಹಾಕಿ ಮುಚ್ಚಿಟ್ಟೆವು. ಹಳೆಯದೇ ಚಂದ ಅನ್ನುವ ಜಾತಿಯವನಲ್ಲ ನಾನು. ಆ ಹೊಗೆಯಲ್ಲಿ ಅಜ್ಜಿಯ ಕಣ್ಣು ಸದಾ ಕೆಂಪಗಿರುತ್ತಿದ್ದದ್ದನ್ನು ನೋಡಿದವನು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಯಾರಾದರೂ ಮಾಡಬೇಕಲ್ಲ.

ಸರಿ, ರಜೆ ಮೂರು ವಾರ ಇತ್ತು. ರಿಪೇರಿಗೆ ಇಳಿದೆವು. ಗೋಡೆಗೆ ತೂಗುಕಪಾಟು ಹಾಕೋಣ ಅಂತ ಧೈರ್ಯವಾಗಿ ಡ್ರಿಲ್ ಒತ್ತಿದೆ. ಅದು ಹಳೇ ಮನೆಯ ಮಣ್ಣಿನ ಗೋಡೆ, ಮೇಲೆ ಮಾತ್ರ ಸಿಮೆಂಟಿನ ಗಾರೆ. ತೂತಿನಿಂದ ಬೊಗಸೆಗಟ್ಟಲೆ ಕೆಂಪು ಮಣ್ಣು ಸುರಿಯಿತು. "ನೀನು ಬರೀ ಗೆರೆ ಎಳಿ ಮಾರಾಯ, ಉಳಿದದ್ದು ಬಡಗಿ ಆಚಾರ್ರು ನೋಡ್ತಾರೆ" ಅಂದ ಅಣ್ಣ. ಗೆರೆ ಎಳೆಯುವುದರಲ್ಲೂ ಅತ್ತಿಗೆ ತಡೆದರು. "ಆ ಗೋಡೆಗೆ ಏನೂ ತಾಗಿಸ್ಬೇಡಿ. ಪಡುವಣದ್ದು, ಆಷಾಢದಲ್ಲಿ ಬೆವರ್ತದೆ." ಮಳೆ ಬಂದು ಬಡಿಯುವುದೇ ಆ ದಿಕ್ಕಿನಿಂದ. ಪೇಟೆಯ ಆ ಹುಡುಗರು ಉದ್ದ ಕಪಾಟನ್ನು ಒತ್ತಿ ಕೂರಿಸಿದ್ದೂ ಆ ಗೋಡೆಗೇ. ಅವರು ಬಂದದ್ದು ಫೆಬ್ರವರಿಯಲ್ಲಿ. ಅತ್ತಿಗೆಯನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ಬಣ್ಣ ಯಾವುದು ಬೇಕು?

ಕಡೆಗೆ ಆದದ್ದಿಷ್ಟು. ಸಿಂಕಿನ ಕೆಳಗೆ ಮರವೇ ಬೇಡ ಅಂತ ಕಡಪ ಕಲ್ಲಿನ ತಟ್ಟು. ಉಳಿದ ಕಡೆ ಮರೈನ್ ಪ್ಲೈವುಡ್, ಐಎಸ್ 710 ಮುದ್ರೆ ಇದ್ದದ್ದು. ಪರೀಕ್ಷೆಯಲ್ಲಿ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವ ದರ್ಜೆ. ಕೊಯ್ದ ಅಂಚಿಗೆಲ್ಲ ನಾನೇ ಕೂತು ಎರಡು ಕೋಟು ಬಣ್ಣ ಹಚ್ಚಿದೆ, ನೀರು ಒಳಗೆ ಹೋಗುವುದೇ ಅಂಚಿನಿಂದ. ಕಪಾಟು ಗೋಡೆಗೆ ತಾಗದಂತೆ ಒಂದು ಇಂಚು ಸಂದು, ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ ಸ್ಟೀಲಿನ ಕಾಲು. ಬಾಗಿಲಿಗೆ ಗಾಳಿ ಆಡುವಂತೆ ಓರೆಪಟ್ಟಿ. ಅದಕ್ಕೆ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದ ಹಲಸಿನ ಹಲಗೆ ಸಿಕ್ಕಿತು. ಆಚಾರ್ರು ಹತ್ತರಿ ಹೊಡೆದಾಗ ಅರಿಶಿನದ ಬಣ್ಣದ ಸುರುಳಿ ಬಿದ್ದದ್ದು ನೋಡಿ ನನ್ನ ಅಮೆರಿಕದ ಶನಿವಾರಗಳೆಲ್ಲ ಸಪ್ಪೆ ಎನಿಸಿದವು.

ಅಲ್ಲಿಂದ ತರಬೇಕಾದದ್ದು ಒಂದಿದ್ದರೆ ಅಳತೆ ಟೇಪು. ಅಲ್ಲಿನ ಅಡುಗೆಕಟ್ಟೆ 36 ಇಂಚು, ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಅದೇ. ಅಮ್ಮ ನಾಲ್ಕಡಿ ಹತ್ತಿಂಚು. ಅಲ್ಲಿಗೆ ಬಂದಾಗ ಚಪಾತಿ ಲಟ್ಟಿಸಲು ಭುಜ ಎತ್ತಿ ಎತ್ತಿ ನೋವು ಬಂದು, ನಾನು ಮಣೆಯೊಂದನ್ನು ಮಾಡಿಕೊಟ್ಟೆ, ನಿಂತುಕೊಳ್ಳಲು. ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಕಟ್ಟೆ ಇದ್ದರೆ ಕೈಗೆ ಹಿತ. ಅದಕ್ಕೇ ರಿಪೇರಿಯ ಹೊತ್ತಿಗೆ ಅತ್ತಿಗೆಯನ್ನು ನಿಲ್ಲಿಸಿ ಮೊಣಕೈ ಅಳೆದೆವು. ಅವರು ನಕ್ಕರು, ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಅವರ ಅಳತೆ ತೆಗೆದಿರಲಿಲ್ಲ, ರವಿಕೆ ಹೊಲಿಯುವವರನ್ನು ಬಿಟ್ಟು.

ಬಟ್ಟೆಯ ಕಪಾಟಿನ ಕಥೆ ಬೇಗ ಮುಗಿಯಿತು. ನನ್ನ ಎರಡು ಸಾಲು ರಾಡಿನ ನಕ್ಷೆಯನ್ನು ಅಮ್ಮ ನೋಡಿ, ಸೀರೆ ಮಡಚಿಡುವುದೆಲ್ಲಿ ಅಂತ ಕೇಳಿದರು. ಉತ್ತರವಿರಲಿಲ್ಲ. ರೇಷ್ಮೆ ಸೀರೆ ಟ್ರಂಕಿನಲ್ಲೇ ಉಳಿಯಿತು, ಲಾವಂಚದ ಬೇರಿನ ಜೊತೆ. ಮಡಿಕೆಯಲ್ಲಿ ಜರಿ ಮುರಿಯದ ಹಾಗೆ ಆಗಾಗ ಮಡಿಕೆ ಬದಲಿಸುವ ಕೆಲಸವನ್ನು ಯಾವ ಕ್ಲಾಸೆಟ್ಟೂ ಮಾಡಿಕೊಡುವುದಿಲ್ಲ. ನಾನು ಒಂದು ರಾಡು ಹಾಕಿದೆ, ಅಣ್ಣನ ಪ್ಯಾಂಟಿಗೆ. ಒದ್ದೆ ಬಟ್ಟೆಯ ಬಿದಿರಿನ ಗಳ ಇದ್ದಲ್ಲೇ ಇದೆ.

ಈ ಸಲ ಮಳೆ ಹಿಡಿದ ಮೇಲೆ ಫೋನು ಮಾಡಿ ಬಾಗಿಲು ಹೇಗಿದೆ ಅಂತ ಕೇಳಿದೆ. ಹಲಸಿನದ್ದು ಒಂಚೂರೂ ಉಬ್ಬಿಲ್ಲವಂತೆ. ಆದರೆ ಒಲೆ ಪಕ್ಕದ ಎರಡನ್ನು ಅತ್ತಿಗೆ ಬಿಚ್ಚಿಸಿ ಇಟ್ಟಿದ್ದಾರೆ. "ಒಳಗೆ ಜಾಡಿ ಕಾಣಲ್ಲ, ಕೈ ಹಿಟ್ಟಾಗಿರೋವಾಗ ತೆಗೆಯೋಕೂ ಆಗಲ್ಲ. ಓರೆಪಟ್ಟಿ ಚೆನ್ನಾಗಿದೆ, ಗಾಳಿ ಆಡ್ತದೆ, ಹಪ್ಪಳ ಹರವಿದ್ದೀನಿ ಅದರ ಮೇಲೆ."